ಬೇತ್ಲೆಹೇಮಿನ ಛತ್ರದವನು

ಬೇಗೂರು
9 ಫೆಬ್ರವರಿ 2025

ಅಪ್ಪಾಜಿ,

ಕ್ಷೇಮ ಅಂತ ಬರೆಯಲ್ಲ. ಕ್ಷೇಮ ಇಲ್ಲ.

ಫೋನ್ ಮಾಡೋಣ ಅಂದ್ರೆ ಬಾಯಿ ಬಿಡೋ ಹಾಗಿಲ್ಲ. ಗಂಟಲೊಳಗೆ ರಕ್ತ ಸೋರಿ ಗಂಟು ಕಟ್ಕೊಂಡಿದೆ. ಡಾಕ್ಟರ್ ಮೂಗಲ್ಲಿ ಕ್ಯಾಮೆರಾ ಬಿಟ್ಟು ನೋಡಿ, "ಮಾತು ಪೂರ್ತಿ ಬಂದ್. ಪಿಸುಪಿಸು ಅನ್ನೋದೂ ಬೇಡ, ಅದು ಇನ್ನೂ ಕೆಟ್ಟದ್ದು" ಅಂದ್ರು. ಮೆಸೇಜ್ ಹಾಕಿದ್ರೆ ನಿಮಗೆ ಬರಲ್ಲ, ನನ್ನ ನಂಬರ್ ಬ್ಲಾಕ್ ಆಗಿದೆ. ಯಾರು ಮಾಡಿಕೊಟ್ರು? ವಾಚ್‌ಮನ್ ಕೊಟ್ರಪ್ಪಣ್ಣನಾ? ನಿಮಗಂತೂ ಬ್ಲಾಕ್ ಮಾಡೋದು ಬರಲ್ಲ. ಅದಕ್ಕೇ ಪೇಪರ್. ಮನೆಗೆ ಹಾಕಿದ್ರೆ ಹರಿದು ಬಿಸಾಕ್ತೀರ ಅಂತ ಛತ್ರದ ಅಡ್ರೆಸ್‌ಗೆ ಹಾಕ್ತಿದೀನಿ. ಆಫೀಸಿಗೆ ಬಂದ ಪೋಸ್ಟನ್ನ ಓದದೇ ಬಿಡೋ ಮ್ಯಾನೇಜರ್ ಅಲ್ಲ ನೀವು.

ವಿಷಯ ಒಂದೇ. ನಾನು ಮನೆಗೆ ಬರಬೇಕು. ಇಟ್ಟಮಡುಗೆ. ನನ್ನ ಮನೆಗೆ.

ಡಿಸೆಂಬರಲ್ಲಿ ಆವತ್ತು ಸಂಜೆ ಕ್ರಿಸ್ಮಸ್ ನಾಟಕದ ಎರಡನೇ ಶೋ ಮುಗಿಸ್ಕೊಂಡು ಬಂದೆ. ನೀವು ಬಾಗಿಲಲ್ಲಿ ಅಡ್ಡ ನಿಂತಿದ್ರಿ, ಅಮ್ಮ ಹಿಂದೆ. "ಫಸ್ಟ್ ಪಿಯು ಅರ್ಧಕ್ಕೆ ಬಿಟ್ಟೆ, ಸುಮ್ನಿದ್ದೆ. ಛತ್ರದ ಕೆಲಸಕ್ಕೆ ಬರಲ್ಲ ಅಂದೆ, ಸುಮ್ನಿದ್ದೆ. ಈಗ ನನ್ನನ್ನೇ ಸ್ಟೇಜ್ ಹತ್ತಿಸಿ ಊರನ್ನೆಲ್ಲ ನಗಿಸಿದೀಯ. ಏನಾದ್ರೂ ಹೇಳೋದಿದ್ಯಾ?" ಅಂದ್ರಿ. ನಾನು ಬಾಯಿ ತೆಗೆದೆ. ಏನೂ ಬರಲಿಲ್ಲ. "ನೋಡೇ ಇವನ ಕೊಬ್ಬು, ಉತ್ರ ಕೊಡೋಕೂ ನಾನು ಲಾಯಕ್ಕಿಲ್ಲ" ಅಂತ ಅಮ್ಮನಿಗೆ ಹೇಳಿ, ನನ್ನ ಕಡೆ ತಿರುಗಿ, "ಇಲ್ಲಿ ಜಾಗ ಇಲ್ಲ, ಹೋಗು" ಅಂದ್ರಿ.

ಕೊಬ್ಬಲ್ಲ ಅಪ್ಪಾಜಿ. ಸೌಂಡೇ ಇರಲಿಲ್ಲ. ಅದು ಆವತ್ತು ಸ್ಟೇಜ್ ಮೇಲೇ ಹರಿದುಹೋಗಿತ್ತು. ಒಂದು ಮಾತು ಬಂದಿದ್ರೆ ಒಂದಲ್ಲ ನೂರು ಹೇಳ್ತಿದ್ದೆ.

ಬೇಗೂರಲ್ಲಿ ನನಗೆ ಹಾಡು ಕಲಿಸಿದ ಭಾಗ್ಯಜ್ಯೋತಿ ಮಿಸ್ ಮನೆ ಮಹಡಿ ರೂಮಲ್ಲಿದೀನಿ. ದಿನಸಿ ಡೆಲಿವರಿ ಗೋಡೌನ್‌ನಲ್ಲಿ ಪ್ಯಾಕಿಂಗ್ ಕೆಲಸ. ಅಲ್ಲಿ ನನ್ನನ್ನ ಮೂಗ ಅಂದ್ಕೊಂಡವ್ರೆ. ಸಂಜೆ ಆದ್ರೆ ಕೆಳಗಡೆ ಮಿಸ್ ಪಾಠ ಹೇಳ್ತಾರೆ, ಚಿಕ್ಕ ಹುಡುಗರು ಹಾಡ್ತಾರೆ. ನಾನು ಮೇಲೆ ದಿಂಬಲ್ಲಿ ಕಿವಿ ಮುಚ್ಕೊಂಡು ಮಲಗ್ತೀನಿ. ಹೀಗೇ ಇದ್ರೆ ಹುಚ್ಚು ಹಿಡಿಯುತ್ತೆ.

ಬರಲಾ ಬೇಡ್ವಾ, ಬರೀರಿ.

ನೀವು ಒಪ್ಪಿದ್ರೂ ಬಿಟ್ರೂ ನಿಮ್ಮ ಮಗ,
ಪ್ರಸಾದ


ಓಂ ಶ್ರೀ ಗುರುಬಸವಲಿಂಗಾಯ ನಮಃ

ಬನಶಂಕರಿ
2 ಮಾರ್ಚ್ 2025

ಚಿ. ಬಸವಪ್ರಸಾದನಿಗೆ,

ನಿನ್ನ ಪತ್ರ ತಲುಪಿತು. ಮದುವೆಗಳ ಒತ್ತಡದಲ್ಲಿ ಉತ್ತರ ತಡವಾಯಿತು. ಗಂಟಲಿನ ವಿಷಯವನ್ನು ನಿನ್ನ ತಾಯಿಗೆ ಓದಿ ಹೇಳಿದೆ. ಆ ದಿನ ಅವಳು ಊಟಕ್ಕೆ ಕೂರಲಿಲ್ಲ. ಬಿಸಿನೀರು ಕುಡಿ. ವೈದ್ಯರು ಹೇಳಿದಂತೆ ಬಾಯಿ ಮುಚ್ಚಿಕೊಂಡಿರು.

ಮನೆಗೆ ಬರುವ ಮಾತು ಈಗ ಬೇಡ.

ಓದು ಬಿಟ್ಟಿದ್ದಕ್ಕಲ್ಲ. ಚರ್ಚಿನ ಹಾಲಿನಲ್ಲಿ ಕ್ರಿಸ್ಮಸ್ ಹಾಡಿನ ನಾಟಕ ಆಡಿದ್ದಕ್ಕೂ ಅಲ್ಲ; ದೇವರ ಹೆಸರು ಯಾವುದಾದರೇನು, ಹಾಡು ಹಾಡೇ. ಮೊದಲ ದಿನದ ಆಟವನ್ನು ಯಾರೋ ಮೊಬೈಲಿನಲ್ಲಿ ಹಿಡಿದು ನಮ್ಮ ಛತ್ರದ ಕಮಿಟಿಯ ಗ್ರೂಪಿಗೆ ಹಾಕಿದರು. ಹೆಗಲ ಮೇಲೆ ನನ್ನ ಟವೆಲ್ಲು, ಕಿವಿಯ ಮೇಲೆ ನನ್ನ ಪೆನ್ನು, ನಾಲಿಗೆಗೆ ಬೆರಳು ತಾಗಿಸಿ ಪುಟ ತಿರುವುವ ನನ್ನ ಅಭ್ಯಾಸ. ತಲೆ ಎತ್ತದೆ "ಜಾಗ ಇಲ್ಲ" ಎನ್ನುವುದೂ ನನ್ನದೇ. ಮಾರನೆಯ ಬೆಳಿಗ್ಗೆ ಕಾರ್ಯದರ್ಶಿ ಸೋಮನಾಥ್ ಅವರು ಆಫೀಸಿಗೆ ಬಂದು ಶರಣು ಎನ್ನುವ ಬದಲು, ಬಂದವರಿಗೆ ನಾನು ಹೇಳುವ ಹಾಗೆಯೇ "ಡೇಟ್ ಇಲ್ಲಾರೀ" ಎಂದರು. ಅಡುಗೆಯವರು ಕೂಡ ನಕ್ಕರು. ನಾನೂ ನಗಬೇಕಾಯಿತು. ಈ ಕುರ್ಚಿಯಲ್ಲಿ ಕೂತ ಇಷ್ಟು ವರ್ಷಗಳಲ್ಲಿ ಅಂಥ ನಗು ನಕ್ಕಿರಲಿಲ್ಲ. ಆ ಮಧ್ಯಾಹ್ನವೇ ಕಣ್ಣಾರೆ ನೋಡೋಣವೆಂದು ನಾನೂ ಬಂದೆ.

ಒಂದು ವಿಷಯ ಹೇಳುತ್ತೇನೆ. ನೀನು ಚಿಕ್ಕಂದಿನಿಂದ ನನ್ನ ಮೇಜಿನ ಕೆಳಗೆ ಕೂತು ಬೂಂದಿಕಾಳು ತಿಂದು ಬೆಳೆದವನು. "ಇಲ್ಲ" ಎಂದ ಮೇಲೆ ನಾನು ಏನು ಮಾಡುತ್ತೇನೆ ಎನ್ನುವುದು ನಿನಗೆ ಗೊತ್ತು. ಬಂದವರನ್ನು ಕೂರಿಸುತ್ತೇನೆ. ನೀರು ಕೊಡುತ್ತೇನೆ. ಬೇರೆ ಛತ್ರಕ್ಕೆ ನಾನೇ ಫೋನ್ ಮಾಡಿ, ಅಲ್ಲಿ ಆಗುತ್ತದೆಯೇ ಎಂದು ಕೇಳಿ ಕಳಿಸುತ್ತೇನೆ. ಮಗಳ ಮದುವೆಗೆ ಅಲೆಯುವವರನ್ನು ಒಣಗಿದ ಬಾಯಲ್ಲಿ ಕಳಿಸಿದ್ದು ಒಂದು ಸಲವೂ ಇಲ್ಲ. ನೀನು ನನ್ನ ಟವೆಲ್ಲನ್ನು ತೆಗೆದುಕೊಂಡೆ, ನೀರನ್ನು ಬಿಟ್ಟೆ.

ಆರೋಗ್ಯ ನೋಡಿಕೋ.

ಇಂತಿ,
ರೇವಣಸಿದ್ದಪ್ಪ


ಬೇಗೂರು
16 ಮಾರ್ಚ್ 2025

ಅಪ್ಪಾಜಿ,

ಹೌದು. ನಿಮ್ಮನ್ನೇ ಆಡಿದೆ. ಏನೀಗ?

ಮಿಸ್ ಪಾತ್ರ ಕೊಟ್ಟಾಗ, "ನಿಂದು ಬೇತ್ಲೆಹೇಮಿನ ಛತ್ರದವನು. ತುಂಬು ಗರ್ಭಿಣಿ ಮರಿಯಾ ಬಂದು ಬಾಗಿಲು ತಟ್ತಾಳೆ, ಜಾಗ ಇಲ್ಲ ಅಂತ ಕಳಿಸ್ತೀಯ, ಅದಕ್ಕೇ ಯೇಸು ಕೊಟ್ಟಿಗೇಲಿ ಹುಟ್ತಾನೆ" ಅಂದ್ರು. ಆ ಒಪೆರಾದಲ್ಲಿ ಮಾತೇ ಇಲ್ಲ, ಎಲ್ಲ ಹಾಡು. ನನಗಿದ್ದಿದ್ದು ಒಂದೇ ಸೀನು. "ಜಾಗ ಇಲ್ಲ" ಅಂತ ಮೂರು ಸಲ ಹಾಡಬೇಕು, ಒಂದಕ್ಕಿಂತ ಒಂದು ಮೇಲೆ. ಮೂರನೇದು ಎಲ್ಲಿಗೆ ಹೋಗುತ್ತೆ ಅಂದ್ರೆ ಕುತ್ತಿಗೆ ನರ ಎಲ್ಲ ಎದ್ದು ಕಾಣುತ್ತೆ. ರಿಹರ್ಸಲ್‌ನಲ್ಲಿ ನಾನು ರಾಕ್ಷಸನ ಥರ ಅರಚ್ತಿದ್ದೆ. ಮಿಸ್, "ಇವನು ವಿಲನ್ ಅಲ್ಲ ಕಣೋ, ಕೆಲಸ ಮಾಡ್ತಿರೋ ಮನುಷ್ಯ. ಅಂಥವರನ್ನ ನೋಡೇ ಇಲ್ವಾ ನೀನು?" ಅಂದ್ರು.

ನೋಡದೇ ಏನು! ಬೇರೆ ಯಾರನ್ನ ನೋಡಿದೀನಿ ನಾನು? ನಿಮ್ಮಷ್ಟು ಚೆನ್ನಾಗಿ "ಇಲ್ಲ" ಅನ್ನೋಕೆ ಈ ಬೆಂಗಳೂರಲ್ಲಿ ಯಾರಿಗೂ ಬರಲ್ಲ. ಪುಟ ತಿರುವಿ, ಬೆರಳು ಓಡಿಸಿ, ಒಂದು ಉಸಿರು ಬಿಟ್ಟು, ಆಮೇಲೆ ಹೇಳ್ತೀರ. ಆ ಉಸಿರನ್ನ ನಾನು ಹಾಡಿನ ಮಧ್ಯ ಇಟ್ಟೆ. ಪಿಯಾನೋ ನಿಲ್ಲಿಸಿ ಮಿಸ್ ನನ್ನ ಮುಖಾನೇ ನೋಡಿದ್ರು. "ಇದೇ. ಇದನ್ನ ಮುಟ್ಟಬೇಡ" ಅಂದ್ರು. ನನ್ನ ಜೀವನದಲ್ಲಿ ಯಾರಾದ್ರೂ ಒಬ್ರು ನನಗೆ "ಇದೇ" ಅಂದಿದ್ದು ಅದೇ ಫಸ್ಟು. ಸ್ಕೂಲಲ್ಲಿ ಅನ್ನಲಿಲ್ಲ, ಕಾಲೇಜಲ್ಲಿ ಅನ್ನಲಿಲ್ಲ, ನೀವೂ ಅನ್ನಲಿಲ್ಲ.

ಮೊದಲನೇ ದಿನ ಜನ ನಕ್ರು. ನಿಮ್ಮನ್ನ ನೋಡಿ ಅಲ್ಲ, ಅವರಿಗೆ ನೀವು ಯಾರು ಅಂತಾನೇ ಗೊತ್ತಿಲ್ಲ! ಪ್ರತಿಯೊಬ್ರಿಗೂ ಅವರವರ ಮಗಳ ಮದುವೆ, ಅವರವರು ಅಲೆದಿದ್ದು ನೆನಪಾಯ್ತು. ಮೂರನೇ "ಜಾಗ ಇಲ್ಲ" ಹತ್ತಿದಾಗ ಆ ನಗು ಪಟ್ ಅಂತ ನಿಂತೋಯ್ತು. ಮುಂದಿನ ಸಾಲಲ್ಲಿ ಒಬ್ಬ ಆಂಟಿ ಬಾಯಿಗೆ ಸೆರಗು ಇಟ್ಕೊಂಡ್ರು. ಅದು ಆ ವಿಡಿಯೋದಲ್ಲಿದೆಯಾ? ಇರಲ್ಲ. ನಗು ಮುಗಿದ ತಕ್ಷಣ ಕಟ್ ಮಾಡಿರ್ತಾನೆ, ನನ್ಮಗ.

ಆವತ್ತೇ ಗಂಟಲು ಕೆರೀತಿತ್ತು. ಎರಡನೇ ದಿನ ಬೆಳಗ್ಗೆ ಎದ್ರೆ ಅರ್ಧ ಸ್ವರ ಇಲ್ಲ. ಮಿಸ್ ಬೇಡ ಅಂದ್ರು. ನಾನೇ ಹಟ ಮಾಡಿದೆ. ಶುಂಠಿ ಕಚ್ಕೊಂಡು ಹತ್ತಿದೆ.

ಎರಡು ಸಲ ಬಂತು. ಮೂರನೇದಕ್ಕೆ ಉಸಿರು ತಗೊಂಡೆ. ತಲೆ ಎತ್ತೋ ಹಾಗಿಲ್ಲ, ಪಾತ್ರ ಹಾಗೆ, ಆದ್ರೂ ಎತ್ತಿದೆ. ಹಿಂದುಗಡೆ ಕಂಬದ ಪಕ್ಕ ನೀವು. ಬಿಳಿ ಶರ್ಟು, ವಿಭೂತಿ, ಕಿವಿ ಮೇಲೆ ಪೆನ್ನು. ತೆಗೆದಿಡೋದನ್ನೂ ಮರೆತು ಬಂದಿದ್ರಿ. ಒಳಗೆ ಏನೋ ಪಟಕ್ ಅಂತು, ಬಟ್ಟೆ ಹರಿದ ಹಾಗೆ. ಆಮೇಲೆ ಬರೀ ಗಾಳಿ.

ಬಾಗಿಲು ಹಿಡ್ಕೊಂಡು ನಿಂತೇ ಇದ್ದೆ. ಮಿಸ್ ಅದೇ ಸ್ವರ ಮತ್ತೆ ಮತ್ತೆ ಬಾರಿಸ್ತಿದ್ರು. ಜೋಸೆಫ್ ಆಗಿದ್ದಿದ್ದು ಜಯನಗರದ ಸೇತುರಾಮ ಅಂಕಲ್, ಬ್ಯಾಂಕಲ್ಲಿ ರಿಟೈರ್ ಆದೋರು. ಹಲ್ಲು ಕಚ್ಕೊಂಡು "ಹೇಳೋ, ಲೋ, ಇಲ್ಲ ಅನ್ನೋ" ಅಂತಿದ್ರು. ನಾನು ಅನ್ನಲಿಲ್ಲ. ಆಗ ಅಂಕಲ್ ಮರಿಯಾ ಆಗಿದ್ದ ತನ್ಮಯಿ ಕೈ ಹಿಡ್ಕೊಂಡು, "ಬಾಮ್ಮಾ, ಬಾಗಿಲು ತೆಗೆದೇ ಇದೆ" ಅಂತ ಛತ್ರದ ಒಳಗೇ ಕರ್ಕೊಂಡು ಬಂದುಬಿಟ್ರು! ಆಕಡೆ ಕೊಟ್ಟಿಗೆ, ಹುಲ್ಲು, ಲೈಟು ಎಲ್ಲ ರೆಡಿಯಾಗಿ ಖಾಲಿ ಬಿದ್ದಿತ್ತು. ಯೇಸು ಛತ್ರದಲ್ಲೇ ಹುಟ್ಟಿಬಿಟ್ಟ. ಜನ ಎದ್ದು ನಿಂತು ಚಪ್ಪಾಳೆ ಹೊಡೆದ್ರು. ನಾನು ಪರದೆ ಹಿಂದೆ ಹೋಗಿ ಉಗುಳಿದೆ. ಕೆಂಪು.

ಈಗ ನಿಮ್ಮ ನೀರಿನ ವಿಷಯ. ಹೌದು, ಕೊಡ್ತೀರ. ನೋಡಿದೀನಿ. ಗೊತ್ತಿಲ್ಲದ ಜನಕ್ಕೆಲ್ಲ ಕೊಡ್ತೀರ. ಅದೇ ದಿನ ಸಂಜೆ ಬಾಯಲ್ಲಿ ರಕ್ತ ಇಟ್ಕೊಂಡು ನಿಮ್ಮ ಬಾಗಿಲಿಗೆ ಬಂದೆನಲ್ಲ, ನನ್ನನ್ನ ಕೂರಿಸಿದ್ರಾ? ನೀರು ಕೊಟ್ರಾ? ಬೇರೆ ಛತ್ರಕ್ಕೆ ಫೋನ್ ಮಾಡಿ, "ನನ್ನ ಮಗ ಬರ್ತಾನೆ, ಜಾಗ ಇದೆಯಾ" ಅಂತ ಕೇಳಿದ್ರಾ?

ಉತ್ತರ ಬರೀರಿ. ಇದಕ್ಕೊಂದಕ್ಕೆ ಬರೀರಿ.

ಪ್ರಸಾದ


ಬೇಗೂರು
11 ಜೂನ್ 2025

ಅಪ್ಪಾಜಿ,

ಬರೀಲಿಲ್ಲ. ಗೊತ್ತಿತ್ತು.

ಆಪರೇಷನ್ ಆಯ್ತು, ಮೇ ಕೊನೇಲಿ. ಮಿಸ್ ಜೊತೆಗಿದ್ರು. ಪಕ್ಕದ ಬೆಡ್ ಅಂಕಲ್ ಹತ್ರ ಅವರ ಮಗ ಕೂತು ಕಿತ್ತಳೆ ಸುಲಿದು ಕೊಡ್ತಿದ್ದ. ನಾನು ಗೋಡೆ ಕಡೆ ತಿರುಗಿ ಮಲಗಿದೆ.

ಮಾತಾಡಬಹುದು ಅಂದ ದಿನ, ಫಸ್ಟು ಏನು ಹೇಳಲಿ ಅಂತ ಯೋಚನೆ ಮಾಡಿದೆ. "ಅಮ್ಮ" ಅಂದೆ. ಒಡೆದ ಪೀಪಿ ಥರ ಬಂತು. ಮಿಸ್ ಆಕಡೆ ತಿರುಗಿ ಕಿಟಕಿ ಸರಿ ಮಾಡಿದ್ರು. ಆ ಕಿಟಕಿ ಸರಿಯಾಗೇ ಇತ್ತು.

ಈಗ ದಿನಾ ಒಂದು ಎಕ್ಸರ್‌ಸೈಜ್. ಲೋಟದಲ್ಲಿ ನೀರು, ಅದಕ್ಕೊಂದು ಸ್ಟ್ರಾ. ಊದ್ತಾ ಒಳಗೇ ಸ್ವರ ಹಿಡೀಬೇಕು. ಗುಳುಗುಳು ಅನ್ನುತ್ತೆ. ಚಿಕ್ಕ ಮಕ್ಕಳು ಹೋಟೆಲಲ್ಲಿ ಮಾಡಿ ಬೈಸ್ಕೋತಾರಲ್ಲ, ಅದು. ಇಪ್ಪತ್ತು ವರ್ಷದ ಎಮ್ಮೆ ಕೂತ್ಕೊಂಡು ಅದನ್ನ ಮಾಡ್ತಿದೀನಿ. ಸ್ಟ್ರಾ ಪೇಪರಿಂದು, ಎರಡು ಸಲಕ್ಕೆ ನೆನೆದು ಮೆತ್ತಗಾಗುತ್ತೆ. ಎತ್ತಿ ಬಿಸಾಕೋಣ ಅನ್ಸುತ್ತೆ. ಬಿಸಾಕಿದೀನಿ ಕೂಡ, ಲೋಟ ಸಮೇತ.

ಡಾಕ್ಟರ್‌ಗೆ ಕೇಳಿದೆ, ಹಾಡು? ಅವರು, "ಮಾತಿಗೆ ತೊಂದ್ರೆ ಆಗಲ್ಲಪ್ಪ" ಅಂದ್ರು. ನಾನು ಕೇಳಿದ್ದು ಮಾತಲ್ಲ.

ಹಾಡು ಇಲ್ಲ ಅಂದ್ರೆ ನಾನು ಏನು ಅಪ್ಪಾಜಿ? ಓದಿಲ್ಲ. ಕೆಲಸ ಬರಲ್ಲ. ನಿಮ್ಮ ಹತ್ರ ಬಂದು ತಪ್ಪಾಯ್ತು ಅನ್ನೋಕೂ ದನಿ ಇಲ್ಲ, ಅನ್ನೋಕೆ ಮನಸ್ಸೂ ಇಲ್ಲ. ಆದ್ರೂ ಮನೆಗೆ ಬರಬೇಕು. ನನ್ನ ಮಂಚ, ನೀವು ಬೆಳಗ್ಗೆ ಲಿಂಗಪೂಜೆಗೆ ಕೂತಾಗ ಗಂಟೆ ಸದ್ದು, ಅಷ್ಟು ಸಾಕು. ನಾನು ಮಾತಾಡಲ್ಲ, ನೀವೂ ಮಾತಾಡಬೇಡಿ.

ಪ್ರಸಾದ


ಬನಶಂಕರಿ
20 ಜುಲೈ 2025

ಚಿ. ಬಸವಪ್ರಸಾದನಿಗೆ,

ಎರಡೂ ಪತ್ರಗಳು ನನ್ನ ಬಳಿ ಇವೆ. ಜೂನಿನದನ್ನು ನಿನ್ನ ತಾಯಿಗೆ ಪೂರ್ತಿ ಓದಲಿಲ್ಲ.

ಮಾರ್ಚಿನಲ್ಲಿ ನೀನು ಕೇಳಿದ ಪ್ರಶ್ನೆಗೆ ಉತ್ತರ ನನ್ನಲ್ಲಿದೆ. ಬರೆಯಲು ಎರಡು ಸಲ ಕೂತೆ. ನನ್ನ ಬಾಯಿಂದ ಬಂದರೆ ಅದು ಸಮಜಾಯಿಷಿ ಆಗುತ್ತದೆ. ಆದ್ದರಿಂದ ಬೇಡ.

ಶ್ರಾವಣದ ಮುಹೂರ್ತಗಳು ಶುರುವಾಗುತ್ತಿವೆ. ಕೊಟ್ರಪ್ಪ ನಿನ್ನನ್ನು ಕೇಳುತ್ತಿರುತ್ತಾನೆ.

ಇಂತಿ,
ರೇವಣಸಿದ್ದಪ್ಪ


ಬೇಗೂರು
23 ನವೆಂಬರ್ 2025

ಅಪ್ಪಾಜಿ,

ಇನ್ನು ಬರೆಯಬಾರದು ಅಂತ ಇದ್ದೆ. ಈ ವಾರ ಎರಡು ವಿಷಯ ಆಯ್ತು.

ಒಂದು. ಈ ವರ್ಷದ ಕ್ರಿಸ್ಮಸ್ ಒಪೆರಾಗೆ ರಿಹರ್ಸಲ್ ಶುರು. ಛತ್ರದವನ ಪಾತ್ರ ಸೇತುರಾಮ ಅಂಕಲ್‌ಗೆ ಹೋಯ್ತು. ನನಗೆ ಆ ಬಾಗಿಲು ತಳ್ಳೋ ಕೆಲಸ, ಅದಕ್ಕೆ ಕೆಳಗೆ ಚಕ್ರ ಇದೆ. ಅಂಕಲ್ ಹಾಡ್ತಾರೆ, ನಾನು ಹಿಂದೆ ಬಗ್ಗಿ ನಿಂತಿರ್ತೀನಿ. ಆ ಉಸಿರು ಇಡೋ ಜಾಗ ಬಂದಾಗ ಅವರು ಇಡಲ್ಲ, ಓಡ್ತಾರೆ. ನಾನು ಹಿಂದೆ ನಿಂತು ಇಡ್ತೀನಿ. ಯಾರಿಗೂ ಕಾಣಲ್ಲ. ಮೊನ್ನೆ ಅಂಕಲ್ ಬಂದು, "ನಿನ್ನ ಥರ ಆಗ್ತಿಲ್ಲ ಕಣಪ್ಪ" ಅಂದ್ರು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಕೊಂಡು ಅತ್ತೆ.

ಎರಡು. ಮಿಸ್ ಅತ್ತೆಗೆ ಸೊಂಟ ಮುರಿದಿದೆ, ಡಿಸೆಂಬರ್ ಮಧ್ಯದಲ್ಲಿ ಇಲ್ಲಿಗೇ ಕರ್ಕೊಂಡು ಬರ್ತಾರೆ. ಅವರನ್ನ ನೋಡ್ಕೊಳ್ಳೋಕೆ ಬರೋ ಹೆಂಗಸಿಗೆ ಈ ರೂಮು ಬೇಕು. ಮಿಸ್‌ಗೆ ಹೇಳೋಕೇ ಆಗ್ತಿರಲಿಲ್ಲ, ಅಕ್ಕಿ ಆರಿಸ್ತಾ ಹೇಳಿದ್ರು. ನನಗೆ ರೇಗೋಯ್ತು. "ಬಿಡಿ ಮಿಸ್, ಅವತ್ತಾದ್ರೂ ಯಾಕೆ ಇಟ್ಕೊಂಡ್ರಿ? ಬಾಗಿಲು ತೆಗೆದು ಒಂದು ಮಾತೂ ಕೇಳದೆ ಮಹಡಿಗೆ ಕಳಿಸಿದ್ರಿ, ಹಾಸಿಗೆ ಕೂಡ ಹಾಸಿತ್ತು. ಕರುಣೆನಾ?" ಅಂದೆ. ನನ್ನ ಈ ಕಾಗೆ ದನೀಲಿ.

ಮಿಸ್ ಮೊರ ಕೆಳಗಿಟ್ರು. "ನಿಮ್ಮಪ್ಪ ಹೇಳಬೇಡಿ ಅಂದಿದ್ರು ಕಣೋ. ನೀನು ಬರೋಕೆ ಮುಂಚೆನೇ ಫೋನ್ ಬಂತು. 'ನಮ್ಮಲ್ಲಿ ಇವತ್ತು ಆಗ್ತಿಲ್ಲ ಮೇಡಂ, ನಿಮ್ಮಲ್ಲಿ ಒಂದು ರೂಮು ಇರುತ್ತಾ? ಹುಡುಗ ಊಟ ಮಾಡಿಲ್ಲ' ಅಂದ್ರು" ಅಂದ್ರು.

ನಮ್ಮಲ್ಲಿ ಆಗ್ತಿಲ್ಲ, ನಿಮ್ಮಲ್ಲಿ ಇರುತ್ತಾ. ಪದ ಕೂಡ ಬದಲಾಯಿಸಿಲ್ಲ. ಆ ಮಾತನ್ನ ಮೇಜಿನ ಕೆಳಗೆ ಕೂತು ಎಷ್ಟು ಸಾವಿರ ಸಲ ಕೇಳಿದೀನೋ.

ಹಾಗಾದ್ರೆ ಯಾಕೆ ಅಪ್ಪಾಜಿ? ಅಷ್ಟು ಮಾಡೋರು ಒಂದು ಹೆಜ್ಜೆ ಪಕ್ಕಕ್ಕೆ ಸರಿಯೋಕೆ ಆಗಲಿಲ್ವಾ? ಅಷ್ಟೇ ತಾನೇ ಬೇಕಿದ್ದಿದ್ದು? ನನಗೆ ಕೋಪ ಜಾಸ್ತಿ ಆಗಿದೆಯೋ ಕಮ್ಮಿ ಆಗಿದೆಯೋ ಗೊತ್ತಾಗ್ತಿಲ್ಲ. ಒಂದು ವರ್ಷದಿಂದ ನಿಮ್ಮನ್ನ ಬೈಕೊಂಡು ಬದುಕ್ತಿದ್ದೆ, ಈಗ ಅದೂ ಕಿತ್ಕೊಂಡ್ರಿ.

ಹದಿನಾರನೇ ತಾರೀಕಿಗೆ ಹೊರಗೆ. ಗೋಡೌನ್ ಹುಡುಗರ ಪಿಜಿಯಲ್ಲಿ ಜಾಗ ಇಲ್ಲ. ಎಲ್ಲಿಗೆ ಹೋಗ್ಲಿ, ಅದನ್ನಾದ್ರೂ ಹೇಳಿ. ಇನ್ನೊಂದ್ಸಲ ಬಾಗಿಲಿಗೆ ಬಂದು ನಿಲ್ಲೋ ಶಕ್ತಿ ಇಲ್ಲ.

ಪ್ರಸಾದ


ಓಂ ಶ್ರೀ ಗುರುಬಸವಲಿಂಗಾಯ ನಮಃ

ಬನಶಂಕರಿ
10 ಡಿಸೆಂಬರ್ 2025

ಚಿ. ಬಸವಪ್ರಸಾದನಿಗೆ,

ಇದನ್ನು ಕೊಟ್ರಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ, ಪೋಸ್ಟಿನಲ್ಲಿ ತಡವಾದೀತು.

ಆ ಮೇಡಂ ಹೇಳಬಾರದಿತ್ತು. ಇರಲಿ.

ಯಾಕೆ ಎಂದು ಕೇಳಿದ್ದೀಯ. ನೀನು ಬೇಕೆಂದೇ ಸುಮ್ಮನೆ ನಿಂತೆ ಎಂದುಕೊಂಡಿದ್ದೆ. ನಾನು ಬಂದಿರುವುದನ್ನು ನೋಡಿ, ಎಲ್ಲರ ಎದುರು, "ನೋಡಿ ಅಪ್ಪಾಜಿ, ಬಾಗಿಲು ಹೀಗೂ ತೆರೆಯಬಹುದು" ಎಂದು ನನಗೆ ತೋರಿಸಿದೆ ಎಂದುಕೊಂಡೆ. ಜನ ಎದ್ದು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಹೊರಗೆ ಬಂದು ಬಸ್ಸಿನಲ್ಲಿ ಕೂತ ಮೇಲೆ ಸಿಟ್ಟು ಬಂತು. ನನ್ನ ಕೆಲಸದಲ್ಲಿ ಒಂದು ಸಲವೂ ನನಗೆ "ಇಲ್ಲ" ಎನ್ನದೆ ಹಾಗೆ ನಿಲ್ಲುವುದಕ್ಕೆ ಆಗಿಲ್ಲ. ಇಪ್ಪತ್ತು ವರ್ಷದ ಹುಡುಗನಿಗೆ ಆಯಿತು ಎಂದು. ನಿನ್ನ ಗಂಟಲು ಹೋಗಿತ್ತು ಎನ್ನುವುದು ಫೆಬ್ರವರಿಯಲ್ಲಿ ತಿಳಿಯಿತು. ಅಷ್ಟು ಹೊತ್ತಿಗೆ ಬಾಗಿಲಿನಿಂದ ಪಕ್ಕಕ್ಕೆ ಸರಿಯುವುದು ನನಗೆ ಮರೆತುಹೋಗಿತ್ತು.

ಮೇಡಂ ಅವರಿಗೆ ಒಂದು ಮಾತು ತಿಳಿಸು. ಅವರ ನಾಟಕದಲ್ಲಿ ತಪ್ಪಿದೆ. ಡಿಸೆಂಬರ್ ಕೊನೆಯ ವಾರ ಯಾವ ಛತ್ರವೂ ತುಂಬಿರುವುದಿಲ್ಲ. ಬೇತ್ಲೆಹೇಮಿನ ವಿಷಯ ಗೊತ್ತಿಲ್ಲ, ನಮ್ಮಲ್ಲಿ ಧನುರ್ಮಾಸ. ಹದಿನಾರರಿಂದ ಸಂಕ್ರಾಂತಿಯವರೆಗೆ ಮದುವೆ ಇಲ್ಲ, ಪೂರ್ತಿ ಖಾಲಿ. ನೀನು ಚಿಕ್ಕವನಿದ್ದಾಗ ಆ ಒಂದು ತಿಂಗಳು ಹಾಲಿನ ಮಧ್ಯೆ ನಿಂತು ಕೂಗಿ ಕೂಗಿ ನಿನ್ನ ದನಿ ಸುತ್ತಿ ಬರುವುದನ್ನು ಕೇಳುತ್ತಿದ್ದೆ. ನಾನು ಆಫೀಸಿನ ಬಾಗಿಲು ತೆರೆದಿಟ್ಟುಕೊಂಡು ಕೂರುತ್ತಿದ್ದೆ.

ಮೇಲಿನ ವರನ ಕೋಣೆಯ ಬೀಗದ ಕೈ ಕೊಟ್ರಪ್ಪನ ಬಳಿ ಇದೆ. ಮನೆಯ ವಿಷಯ ನಿಧಾನವಾಗಿ. ನನಗೆ ಸ್ವಲ್ಪ ಸಮಯ ಬೇಕು.

ರೇವಣಸಿದ್ದಪ್ಪ


ಛತ್ರ, ಮೇಲಿನ ಕೋಣೆ
17 ಡಿಸೆಂಬರ್ 2025

ಅಪ್ಪಾಜಿ,

ನೀವು ಕೆಳಗೆ ಆಫೀಸಲ್ಲೇ ಕೂತಿದೀರ. ಮೆಟ್ಟಿಲು ಹತ್ತಿ ಬರಲ್ಲ ಅಂತ ಗೊತ್ತು, ನನಗೂ ಇಳಿಯೋಕೆ ಆಗ್ತಿಲ್ಲ. ಕೊಟ್ರಪ್ಪಣ್ಣನ ಕೈಲಿ ಈ ಚೀಟಿ ಕಳಿಸ್ತಿದೀನಿ. "ಅಪ್ಪ ಕೆಳಗೆ, ಮಗ ಮೇಲೆ, ಮಧ್ಯ ನಾನು ಪೋಸ್ಟ್‌ಮ್ಯಾನು" ಅಂತ ಗೊಣಗ್ತವ್ನೆ.

ನಿನ್ನೆ ಬಂದಾಗ ಟೇಬಲ್ ಮೇಲೆ ಚೊಂಬಲ್ಲಿ ನೀರಿತ್ತು, ಮೇಲೆ ತಟ್ಟೆ ಮುಚ್ಚಿತ್ತು. ಇದು ಇಲ್ಲ ಅಂದ ಮೇಲೆ ಕೊಡೋ ನೀರಾ ಅಂತ ತುಂಬಾ ಹೊತ್ತು ಅದನ್ನೇ ನೋಡ್ತಾ ಕೂತೆ. ಮುಟ್ಟಲಿಲ್ಲ. ಆಮೇಲೆ ನೋಡಿದ್ರೆ ಚೊಂಬಿನ ಹಿಂದೆ ಮದುವೆ ಜ್ಯೂಸಿಗೆ ಇಡೋ ಸ್ಟ್ರಾ, ಒಂದು ಕಟ್ಟು. ಪೇಪರಿಂದಲ್ಲ, ಸ್ಟೀಲಿಂದು. ನೆನೆಯಲ್ಲ.

ಬೆಳಗ್ಗೆ ಅದರಲ್ಲಿ ಊದಿದೆ. ಕೆಳಗಿನ ಸ್ವರ ಒಂದು ಬರ್ತಿದೆ. ಒಂದೇ. ಮೇಲಿನದು ಹೋಯ್ತು ಅಪ್ಪಾಜಿ, ಇನ್ನು ಬರಲ್ಲ, ನನಗೆ ಗೊತ್ತು.

ನಾಳೆ ಬೆಳಗ್ಗೆ ಮತ್ತೆ ಊದ್ತೀನಿ. ಖಾಲಿ ಹಾಲು, ಕೆಳಗಿನವರೆಗೂ ಕೇಳ್ಸುತ್ತೆ. ನಿಮ್ಮ ಆಫೀಸಿನ ಬಾಗಿಲು ತೆಗೆದಿಡಿ.

ಇಲ್ಲಿಯ ಬಾಗಿಲನ್ನ ನಾನು ಹಾಕಿಲ್ಲ.

ಪ್ರಸಾದ